ನೀರಿನಲ್ಲಿ ಕೂತ ದೇವರು

ನಮ್ಮ ಅಡುಗೆಮನೆಯ ಮೇಲಿನ ಕಪಾಟಿನಲ್ಲಿ ಒಂದು ತಾಮ್ರದ ಬೋಗುಣಿ ಇದೆ. ಅದರ ಒಳಗಡೆ, ಅರ್ಧಕ್ಕಿಂತ ಸ್ವಲ್ಪ ಮೇಲೆ, ಸುತ್ತಲೂ ಒಂದು ಹಸಿರು ಗೆರೆ. ಹುಣಸೆಹಣ್ಣು ಹಾಕಿ ತಿಕ್ಕಿದ್ದಾಯಿತು, ನಿಂಬೆಹೋಳಿಗೆ ಉಪ್ಪು ಹಚ್ಚಿ ಉಜ್ಜಿದ್ದಾಯಿತು, ಅಂಗಡಿಯವನು ಆಣೆ ಮಾಡಿ ಕೊಟ್ಟ ಪುಡಿಯೂ ಮುಗಿಯಿತು. ಜಪ್ಪಯ್ಯ ಅಂದರೂ ಗೆರೆ ಹೋಗುತ್ತಿಲ್ಲ. ಮೊನ್ನೆ ಸೊಸೆ ಕೇಳಿದಳು, "ಅತ್ತಿ, ಇದರಾಗ ಏನ್ ಇಡ್ತಿದ್ರಿ?"

"ದೇವರನ್ನ" ಅಂದೆ.

"ದೇವರನ್ನ ಇದರಾಗ ತೊಳೀತಿದ್ರೇನ್ರಿ?"

"ತೊಳೀತಿದ್ದಿಲ್ಲವ್ವಾ, ಇಡ್ತಿದ್ವಿ. ನೀರು ತುಂಬಿ. ಮೂರು ವರ್ಷ."

ಅವಳು ಒಮ್ಮೆ ಬೋಗುಣಿಯನ್ನು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು, ಕುಕ್ಕರ್ ಕೂಗಿದ ಹಾಗಾಯಿತು ಎಂದು ಒಳಗೆ ಹೋದಳು. ಕುಕ್ಕರ್ ಕೂಗಿರಲಿಲ್ಲ. ಹೋಗಲಿ, ಅವಳು ತಪ್ಪಿಸಿಕೊಂಡಳು, ನೀವು ಸಿಕ್ಕಿದ್ದೀರಿ.

ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಕಾಯುವುದು ನನ್ನ ಜಾಯಮಾನವೇ ಅಲ್ಲ. ಲಿಫ್ಟಿನ ಗುಂಡಿಯನ್ನು ಮೂರು ಸಲ ಒತ್ತುವವಳು ನಾನು. ಇಡ್ಲಿ ಬೆಂದಿತೋ ಇಲ್ಲವೋ ಎಂದು ನಾಲ್ಕು ಸಲ ಮುಚ್ಚಳ ತೆಗೆದು, ಬೇಯುತ್ತಿರುವ ಇಡ್ಲಿಯನ್ನೂ ಗಟ್ಟಿ ಮಾಡುವವಳು. ಬಸ್ಸು ತಡವಾದರೆ ಮುಂದಿನ ಸ್ಟಾಪಿಗೆ ನಡೆದುಹೋಗಿ, ನಡುದಾರಿಯಲ್ಲಿ ಅದೇ ಬಸ್ಸು ನನ್ನನ್ನು ದಾಟಿ ಹೋಗುವುದನ್ನು ಕಣ್ಣಾರೆ ಕಂಡವಳು. ಒಂದು ಸಲವಲ್ಲ, ಮೂರು ಸಲ. ಇಂಥವಳು ಕಾಯುವುದರ ಬಗ್ಗೆ ಬರೆಯುವುದೆಂದರೆ ನನಗೇ ನಗು ಬರುತ್ತದೆ. ಆದರೆ ಇದು ನನ್ನ ಕಥೆಯಲ್ಲ, ನಮ್ಮ ಅವ್ವನದು.

ನಾವು ಇಂಡಿ ಕಡೆಯವರು. ಅಪ್ಪ ಪುಣೆಗೆ ಬಂದು ಭೋಸರಿಯ ಒಂದು ಕಾರ್ಖಾನೆಗೆ ಸೇರಿದಾಗ ನಾನು ಅವ್ವನ ಸೊಂಟದ ಮೇಲಿದ್ದೆನಂತೆ. ಪಂಪಿಗೆ ಹಾಕುವ ಹಿತ್ತಾಳೆಯ ಬಿಡಿಭಾಗಗಳನ್ನು ಯಂತ್ರಕ್ಕೆ ಹಿಡಿದು ಪಾಲಿಶ್ ಮಾಡುವುದು ಅಪ್ಪನ ಕೆಲಸ. ಸಂಜೆ ಮನೆಗೆ ಬಂದಾಗ ಅವನ ಕಿವಿಯ ಹಿಂದೆ, ಹುಬ್ಬಿನ ಮೇಲೆ ಹಳದಿ ಪುಡಿ ಮಿನುಗುತ್ತಿರುತ್ತಿತ್ತು. ಬೇರೆಯವರ ಅಪ್ಪಂದಿರೆಲ್ಲ ಎಣ್ಣೆ ಮೆತ್ತಿಕೊಂಡು ಕಪ್ಪಾಗಿ ಬಂದರೆ ನಮ್ಮಪ್ಪನೊಬ್ಬನೇ ಹೊಳೆಯುತ್ತ ಬರುತ್ತಾನೆ ಎಂದು ನನಗೆ ಭಾರೀ ಜಂಬ. ಅಪ್ಪನ ಕೆಮ್ಮು ಎಲ್ಲಿಂದ ಬಂದಿತು ಎಂಬುದು ಆ ವಯಸ್ಸಿಗೆ ಹೊಳೆಯಲಿಲ್ಲ.

ಅಪ್ಪ ಟೆಂಪರರಿ. ನಾನು ಅ, ಆ ಕಲಿಯುವ ಮೊದಲೇ ಕಲಿತ ಶಬ್ದ ಅದು. ನಮ್ಮ ಚಾಳಿನಲ್ಲಿ ಸಾಲಾಗಿ ಹನ್ನೆರಡು ಖೋಲಿಗಳು, ಅಂದರೆ ಹನ್ನೆರಡು ಮನೆಗಳು, ಒಂದೇ ನಳ. ಅಲ್ಲಿದ್ದವರಲ್ಲಿ ಎರಡು ಜಾತಿ, ಟೆಂಪರರಿ ಮತ್ತು ಪರ್ಮನೆಂಟ್. ಪರ್ಮನೆಂಟ್ ಆದವರ ಹೆಂಡಂದಿರು ನಳದ ಮುಂದೆ ನಿಲ್ಲುವ ಗತ್ತೇ ಬೇರೆ ಎಂದು ಅವ್ವ ಹೇಳುತ್ತಿದ್ದಳು. ನಾನು ಎಷ್ಟು ಕಣ್ಣರಳಿಸಿ ನೋಡಿದರೂ ಎಲ್ಲರೂ ಕೊಡ ಹಿಡಿದುಕೊಂಡೇ ನಿಂತಂತೆ ಕಾಣುತ್ತಿತ್ತು.

ಟೆಂಪರರಿಯವರಿಗೆ 'ಬ್ರೇಕ್' ಎಂಬುದೊಂದಿತ್ತು. ಕೆಲವು ತಿಂಗಳು ದುಡಿಸಿಕೊಂಡ ಮೇಲೆ ಕಾರ್ಖಾನೆಯವರು ಒಂದಿಷ್ಟು ದಿನ ಮನೆಯಲ್ಲಿ ಕೂರಿಸುತ್ತಿದ್ದರು. ಆಮೇಲೆ ಹೊಸದಾಗಿ ಬಂದವನ ಹಾಗೆ ಮತ್ತೆ ಸೇರಿಸಿಕೊಳ್ಳುತ್ತಿದ್ದರು. ಎಷ್ಟು ವರ್ಷ ದುಡಿದರೂ ಲೆಕ್ಕದಲ್ಲಿ ಅವನು ನಿನ್ನೆ ಬಂದವನೇ. ಮತ್ತೆ ಕರೆಯುತ್ತಾರೋ ಇಲ್ಲವೋ ಎಂಬುದಕ್ಕೂ ಖಾತ್ರಿಯಿಲ್ಲ. ಕರೆಯದಿದ್ದರೆ ನಾವು ಇಂಡಿಗೆ ವಾಪಸು, ದೊಡ್ಡಪ್ಪನ ಹೊಲದಲ್ಲಿ ಕೂಲಿಯವರಾಗಿ. ದೊಡ್ಡಪ್ಪ ಪ್ರತಿ ಕಾಗದದ ಕೊನೆಗೂ, "ಎಷ್ಟು ದಿನಾ ಅಲ್ಲಿ ಕಾಯ್ತೀರಿ, ಬಂದ್ ಬಿಡ್ರಿ" ಎಂದು ಬರೆಸುತ್ತಿದ್ದ. ಆ ಸಾಲನ್ನು ಓದುವಾಗ ಮಾತ್ರ ಅಪ್ಪನ ದನಿ ಸಣ್ಣದಾಗುತ್ತಿತ್ತು.

ಹೀಗಾಗಿ ನಮ್ಮ ಮನೆಯಲ್ಲಿ ಎಲ್ಲವೂ 'ಪರ್ಮನೆಂಟ್ ಆದ ಮ್ಯಾಲೆ'. ಗೋಡೆಗೆ ಮೊಳೆ ಹೊಡೆಯುವುದು ಪರ್ಮನೆಂಟ್ ಆದ ಮೇಲೆ. ಟ್ರಂಕಿನಲ್ಲಿದ್ದ ಅವ್ವನ ಮದುವೆಯ ಪಾತ್ರೆಗಳನ್ನು ತೆಗೆಯುವುದು ಪರ್ಮನೆಂಟ್ ಆದ ಮೇಲೆ. ನನಗೆ ಜಡೆಗೆ ಹೊಸ ರಿಬ್ಬನ್ ಬೇಕೆಂದರೂ, ಆಗಲಿ, ಪರ್ಮನೆಂಟ್ ಆದ ಮೇಲೆ. ಕ್ಯಾಲೆಂಡರು ಕೂಡ ಮೊಳೆಯಿಲ್ಲದೆ ಟ್ರಂಕಿಗೆ ಒರಗಿ ನೆಲದ ಮೇಲೆ ಕೂತಿರುತ್ತಿತ್ತು. ತಿಥಿ ನೋಡಬೇಕಾದರೆ ಅವ್ವ ಬಗ್ಗಿ ನೋಡುತ್ತಿದ್ದಳು.

ಪಕ್ಕದ ಖೋಲಿಯಲ್ಲಿ ಸುಮನ್‌ಕಾಕೂ, ಅಂದರೆ ಸುಮನ್ ಚಿಕ್ಕಮ್ಮ, ಇದ್ದರು. ಅಪ್ಪಟ ಪುಣೆಯ ಹೆಂಗಸು, ಬಾಯಿ ಜೋರು, ಮನಸ್ಸು ಬೆಣ್ಣೆ. ನಾನು ಶಾಲೆಯಲ್ಲಿ ಮೂರನೆಯ ಇಯತ್ತೆಯಲ್ಲಿದ್ದಾಗ ಕಾಕೂನ ಮಗಳಿಗೆ ಹೆರಿಗೆ ನೋವು ಶುರುವಾಯಿತು. ಮಗಳನ್ನು ಆಸ್ಪತ್ರೆಗೆ ಕಳಿಸಿದವರೇ ಕಾಕೂ ದೇವರ ಗೂಡಿನಿಂದ ಗಣಪತಿ, ಬಾಲಕೃಷ್ಣ, ಅನ್ನಪೂರ್ಣೆ ಎಲ್ಲರನ್ನೂ ಎತ್ತಿ ಒಂದು ಪಾತ್ರೆಯ ನೀರಿನಲ್ಲಿ ಮುಳುಗಿಸಿ ಕೈ ಮುಗಿದು ಕೂತರು. ಅವ್ವ ಗಾಬರಿಯಾಗಿ ಕೇಳಿದರೆ, "ದೇವ ಪಾಣ್ಯಾತ ಘಾತಲೇತ" ಅಂದರು. ದೇವರನ್ನು ನೀರಿಗೆ ಹಾಕಿದ್ದೇನೆ, ಕೆಲಸ ಆಗುವ ತನಕ ಹೊರಗೆ ಬರಲು ಬಿಡುವುದಿಲ್ಲ ಎಂದು ಅರ್ಥ. ಸಂಜೆಯೊಳಗೆ ಗಂಡು ಮಗು. ದೇವರು ಹೊರಗೆ ಬಂದರು, ಮೈ ಒರೆಸಿಕೊಂಡರು, ಚಾಳಿಗೆಲ್ಲ ಪೇಡೆ ಹಂಚಿದ್ದಾಯಿತು.

ಅವ್ವ ಪೇಡೆ ತಿನ್ನುತ್ತ ಲೆಕ್ಕ ಹಾಕಿದಳು. ನಮ್ಮ ಕಡೆ ದೇವರಿಗೆ ಹರಕೆ ಹೊತ್ತರೆ ಅವನು ಯೋಚನೆ ಮಾಡಲು ವರ್ಷಗಟ್ಟಲೆ ತೆಗೆದುಕೊಳ್ಳುತ್ತಾನೆ. ಇಲ್ಲಿ ನೋಡಿದರೆ ಬೆಳಿಗ್ಗೆ ಮುಳುಗಿಸಿದರೆ ಸಂಜೆಗೆ ಕೆಲಸ! ಅವ್ವನಿಗೆ ಅಂದಿನಿಂದ ಪುಣೆಯ ಮೇಲೆ ಗೌರವ ಹೆಚ್ಚಿತು.

ಅದಾಗಿ ಕೆಲವೇ ದಿನಕ್ಕೆ ಅಪ್ಪ, ಸೋಮವಾರ ಪರ್ಮನೆಂಟ್ ಆಗುವವರ ಯಾದಿ ಹಚ್ಚುತ್ತಾರಂತೆ, ಅದರಲ್ಲಿ ತನ್ನ ಹೆಸರು ಇದೆಯೆಂದು ಕೆಲಸಗಾರರ ಮೇಲಿನ ಮುಕಾದಮ ಹೇಳಿದ ಎಂದು ಸುದ್ದಿ ತಂದ. ಶನಿವಾರ ಮಧ್ಯಾಹ್ನ ಅವ್ವ ತಲೆಗೆ ಸ್ನಾನ ಮಾಡಿ, ತವರಿನಿಂದ ತಂದ ತಾಮ್ರದ ಬೋಗುಣಿಯನ್ನು ಬೆಳಗಿ, ನೀರು ತುಂಬಿ, ನಮ್ಮ ಮೂರೂ ಹಿತ್ತಾಳೆ ದೇವರನ್ನು ಅದರಲ್ಲಿ ಕುತ್ತಿಗೆಯ ತನಕ ಕೂರಿಸಿದಳು. ಬಸವಣ್ಣ, ಹನುಮಪ್ಪ, ಲಕ್ಷ್ಮಿ. "ಎರಡು ದಿನದ ಮಾತು, ತಡಕೋರಪಾ" ಎಂದು ಅವರಿಗೆ ಸಮಾಧಾನವನ್ನೂ ಹೇಳಿದಳು.

ಸೋಮವಾರ ಯಾದಿ ಹಚ್ಚಿದರು. ಅಪ್ಪನ ಹೆಸರು ಇರಲಿಲ್ಲ. ಮುಂದಿನ ಯಾದಿಯಲ್ಲಿ ನೋಡೋಣ ಅಂದರಂತೆ.

ಇಲ್ಲೇ ಅವ್ವ ಸಿಕ್ಕಿಬಿದ್ದದ್ದು. ದೇವರನ್ನು ನೀರಿಗೆ ಹಾಕುವುದು ಹೇಗೆಂದು ನೋಡಿ ಕಲಿತಿದ್ದಳು. ಕೆಲಸ ಆಗದಿದ್ದರೆ ತೆಗೆಯುವುದು ಹೇಗೆ ಎಂದು ಕೇಳಿರಲಿಲ್ಲ. ಈಗ ತೆಗೆದರೆ, ಕೆಲಸ ಆಗಲಿಲ್ಲ ಎಂದು ತಾನೇ ಒಪ್ಪಿಕೊಂಡಂತೆ. ಕೇಳಲು ಹೋದರೆ ಕಾಕೂನ ಮುಂದೆ ಹಳ್ಳಿ ಗುಗ್ಗು ಆದಂತೆ. ಅವ್ವ ಎರಡನ್ನೂ ಮಾಡಲಿಲ್ಲ. ದೇವರು ನೀರಿನಲ್ಲೇ ಉಳಿದರು.

ನೀರಿನಲ್ಲಿರುವ ದೇವರನ್ನು ಪೂಜೆ ಮಾಡಿ ಗೊತ್ತೇ ನಿಮಗೆ? ಬಲು ಪಜೀತಿ. ಒದ್ದೆ ಹಣೆಗೆ ಕುಂಕುಮ ಹಚ್ಚಿದರೆ ನಿಲ್ಲುವುದಿಲ್ಲ, ನೀರೇ ಕೆಂಪಾಗುತ್ತದೆ. ವಿಭೂತಿಯ ಮಾತೇ ಬೇಡ. ಬಸವಣ್ಣನಿಗೆಂದು ಏರಿಸಿದ ಹೂವು ತೇಲಿಕೊಂಡು ಹೋಗಿ ಲಕ್ಷ್ಮಿಯ ಹತ್ತಿರ ನಿಲ್ಲುತ್ತದೆ. ಅವ್ವ ದಿನಾ ಬೆಳಿಗ್ಗೆ ನೀರು ಬದಲಿಸಿ, ಹಳೆಯ ನೀರನ್ನು ಡಬ್ಬಿಯಲ್ಲಿದ್ದ ತುಳಸಿಗೆ ಹಾಕುತ್ತಿದ್ದಳು. ಅಪ್ಪನ ಕೆಲಸ ಬೆಳೆಯಲಿಲ್ಲ, ತುಳಸಿ ಮಾತ್ರ ಮೊಳಕಾಲೆತ್ತರ ಬೆಳೆಯಿತು. ಬೇಸಿಗೆಯಲ್ಲಿ ನಳ ಒಂದೇ ತಾಸು ಬರುತ್ತಿತ್ತು. ಆಗಲೂ ಮೊದಲ ತಂಬಿಗೆ ಬೋಗುಣಿಗೆ, ಉಳಿದದ್ದು ನಮಗೆ.

ಅಪ್ಪ ಇದಕ್ಕೆಲ್ಲ ಅಡ್ಡಿ ಮಾಡುವವನಲ್ಲ. ಆದರೆ ಬಾಯಿ ಸುಮ್ಮನಿರಬೇಕಲ್ಲ. ಊಟಕ್ಕೆ ಕೂತಾಗ ಬೋಗುಣಿಯ ಕಡೆ ನೋಡಿ, "ಹನುಮಪ್ಪಂದೇನ ಚಿಂತಿ ಇಲ್ಲ ಬಿಡು, ಸಮುದ್ರಾನ ಜಿಗದಾಂವ. ಈ ಬಸವಣ್ಣಂದ ನೋಡು, ಒಣ ಭೂಮ್ಯಾಗ ಬೆಳದಾಂವ" ಎನ್ನುತ್ತಿದ್ದ.

"ಅನ್ರಿ, ಅನ್ರಿ. ನಿಮ್ಮ ಸಲುವಾಗೇ ಕುಂತಾರ ಅವರು ಅಲ್ಲಿ" ಎಂದು ಅವ್ವ ರೊಟ್ಟಿಯನ್ನು ತುಸು ಜೋರಾಗಿಯೇ ತಾಟಿಗೆ ಹಾಕುತ್ತಿದ್ದಳು.

ಇಡೀ ದಿನ ಹಿತ್ತಾಳೆಗೆ ಪಾಲಿಶ್ ಮಾಡುವವನ ಮನೆಯಲ್ಲಿ ಹಿತ್ತಾಳೆಯ ದೇವರು ಹಸಿರು ತಿರುಗಿ ಕೂತಿದ್ದರು. ಅಪ್ಪ ಒಂದೆರಡು ಸಲ ಬಸವಣ್ಣನನ್ನು ಕಣ್ಣಲ್ಲೇ ಅಳೆದು, "ಮಿಷನ್ನಿಗೆ ಹಿಡದ್ರ ಎರಡ ಮಿನಿಟಿನ ಕೆಲಸ" ಅಂದದ್ದುಂಟು. ಅವ್ವ ಮುಖ ತಿರುಗಿಸಿದಳು.

ಡಿಸೆಂಬರಿನಲ್ಲಿ ಪುಣೆಯ ಚಳಿ ನಿಮಗೆ ಗೊತ್ತಲ್ಲ, ಬೆಳಿಗ್ಗೆ ನೀರು ಮುಟ್ಟಿದರೆ ಬೆರಳು ಸೆಟೆಯುತ್ತಿತ್ತು. ಲಕ್ಷ್ಮಿಗೂ ಹಾಗೇ ಆಗುತ್ತಿರಬೇಕಲ್ಲ ಎಂದುಕೊಂಡೆ. ಒಂದು ದಿನ ನನ್ನ ಸ್ನಾನದ ಬಿಸಿನೀರಿನಲ್ಲಿ ಒಂದು ತಂಬಿಗೆ ಕದ್ದು ಬೋಗುಣಿಗೆ ಸುರಿದೆ. ಅವ್ವ ಹಿಂದೆಯೇ ನಿಂತಿದ್ದಳು. ಬೆನ್ನಿಗೆ ಬೀಳುತ್ತದೆ ಎಂದು ಕಣ್ಣು ಮುಚ್ಚಿಕೊಂಡೆ. ಅವ್ವ ಕೈ ಹಾಕಿ ನೋಡಿ, "ಇನ್ನೊಂದೀಟು ತಣ್ಣೀರು ಹಾಕು, ಭಾಳ ಸುಡ್ತದ" ಅಂದಳು. ಅಂದಿನಿಂದ ಸಂಕ್ರಾಂತಿಯ ತನಕ ನಮ್ಮ ದೇವರಿಗೆ ಉಗುರುಬೆಚ್ಚಗಿನ ನೀರು.

ನನ್ನ ಕಷ್ಟ ಬೇರೆಯೇ ಇತ್ತು. ಗಣಪತಿ ಹಬ್ಬದಲ್ಲಿ ಊರಿನ ಗಣಪತಿಗಳೆಲ್ಲ ಕೊನೆಯ ದಿನ ನೀರಿಗೆ ಹೋದರೆ, ನಮ್ಮ ದೇವರು ಹನ್ನೆರಡು ತಿಂಗಳೂ ನೀರಿನಲ್ಲೇ. ಶಾಲೆಯಲ್ಲಿ ನನ್ನ ಪಕ್ಕ ಕೂರುವ ವೈಶಾಲಿ, "ನಿಮ್ಮ ಮನೆಯ ಬೋಗುಣಿಯಲ್ಲಿ ಏನೋ ಇದೆಯಂತಲ್ಲ, ಏನು?" ಎಂದು ಗಂಟುಬಿದ್ದಳು. ನಾಚಿಕೆಯಾಗಿ, "ಮೀನು" ಅಂದುಬಿಟ್ಟೆ. ಎಂಥ ಮೀನು? ಹಳದಿ. ಎಷ್ಟು? ಮೂರು. ಅವಳು ಭಾನುವಾರ ನೋಡಲು ಬಂದೇಬಿಟ್ಟಳು, ಕೈಯಲ್ಲಿ ಮೀನಿಗೆಂದು ಚಪಾತಿಯ ಚೂರು. ಬಾಗಿಲಲ್ಲಿ ನಿಂತು ಅವ್ವನಿಗೆ ಮರಾಠಿಯಲ್ಲಿ, "ಕಾಕೂ, ನಿಮ್ಮ ಮೀನು ತೋರಿಸಿ" ಎಂದಳು. ಉಳ್ಳಾಗಡ್ಡಿಯನ್ನೂ ಸೋಮವಾರ ಮುಟ್ಟದ ನಮ್ಮ ಅವ್ವ! ವೈಶಾಲಿ ಹೋದ ಮೇಲೆ ನನಗೆ ಬಿದ್ದ ಪೆಟ್ಟನ್ನು ಇಲ್ಲಿ ವಿವರಿಸುವುದು ಬೇಡ. ಚಪಾತಿಯ ಚೂರನ್ನು ನಾನೇ ತಿಂದೆ.

ಎರಡನೆಯ ವರ್ಷ ಅವ್ವ ಕೊನೆಗೂ ಮಾನ ಬಿಟ್ಟು ಕಾಕೂನನ್ನು ಕೇಳಿದಳು. ಕಾಕೂ ಎದೆಯ ಮೇಲೆ ಕೈ ಇಟ್ಟುಕೊಂಡರು. "ಅಗ್ಗಬಾಯಿ! ಅಜೂನ?" ಇನ್ನೂ ತೆಗೆದಿಲ್ಲವೇ! ಅವರ ಮನೆಯಲ್ಲಿ ದೇವರು ಒಂದು ದಿನಕ್ಕಿಂತ ಹೆಚ್ಚು ನೀರಿನಲ್ಲಿದ್ದದ್ದೇ ಇಲ್ಲವಂತೆ. ಕೆಲಸ ಆದ ಮೇಲೆ ತೆಗೆಯುವುದು, ಅಷ್ಟೇ ಅವರಿಗೆ ಗೊತ್ತು. "ಆಗದಿದ್ದರೆ?" ಎಂದು ಅವ್ವ ಕೇಳಿದಳು. "ಹೋಣಾರ!" ಆಗಿಯೇ ಆಗುತ್ತದೆ ಎಂದರು ಕಾಕೂ. ಆದರೆ ಹಾಗೆನ್ನುವಾಗ ಅವರು ಅವ್ವನ ಮುಖ ನೋಡಲಿಲ್ಲ. ದೇವಸ್ಥಾನದ ಗುರುವನ್ನೂ ಕೇಳಿದ್ದಾಯಿತು. ಅವರೂ ಅದನ್ನೇ ಹೇಳಿದರು. ಆಗದೇ ಹೋದವರ ಸಲುವಾಗಿ ಯಾರೂ ಶಾಸ್ತ್ರ ಮಾಡಿರಲಿಲ್ಲ.

ಹೀಗೆ ಮೂರನೆಯ ವರ್ಷ ಬಂತು. ಯಾದಿಗಳು ಬಂದವು, ಹೋದವು. ಅಪ್ಪನ ನಂತರ ಸೇರಿದವರು ಪರ್ಮನೆಂಟ್ ಆಗಿ ಗೋಡೆಗೆ ಮೊಳೆ ಹೊಡೆದುಕೊಂಡರು. ಆ ಠಕ್ ಠಕ್ ಶಬ್ದ ನಮ್ಮ ಖೋಲಿಗೂ ಕೇಳುತ್ತಿತ್ತು.

ಆ ವರ್ಷ ಮಳೆಗಾಲದಲ್ಲಿ ಒಂದು ಬೆಳಿಗ್ಗೆ, ಡ್ಯೂಟಿಗೆ ಹೋದ ಅಪ್ಪ ಹತ್ತು ಗಂಟೆಗೇ ಮನೆಗೆ ಬಂದ. ನಾನು ಜ್ವರ ಬಂದು ಶಾಲೆ ತಪ್ಪಿಸಿ ಮಲಗಿದ್ದೆ. ಅವ್ವ ಬೋಗುಣಿಯ ನೀರು ಬದಲಿಸುತ್ತ ಕೂತಿದ್ದಳು. ಮತ್ತೆ ಬ್ರೇಕ್. ಈ ಸಲ ಯಾವಾಗ ಕರೆಯುತ್ತೇವೆ ಎಂದೂ ಹೇಳಿ ಕಳಿಸಿರಲಿಲ್ಲ. ಅಪ್ಪ ಹೊಸ್ತಿಲ ಮೇಲೆ ಕೂತ, ಒದ್ದೆ ಚಪ್ಪಲಿಯನ್ನೂ ಬಿಡಲಿಲ್ಲ. ಅವ್ವ ಅವನನ್ನು ನೋಡಿದಳು, ದೇವರನ್ನು ನೋಡಿದಳು, ಸಿಟ್ಟು ತಡೆಯದೆ, "ಇನ್ನೂ ಮ್ಯಾಲೆ ನೀರು ಹಾಕ್ತೀನಿ ನೋಡು ನಿಮಗ. ತಲಿ ಮುಳುಗೂತನಾ ಹಾಕ್ತೀನಿ" ಎಂದು ದೇವರಿಗೇ ಬೈದು ತಂಬಿಗೆ ಎತ್ತಿದಳು.

"ಬ್ಯಾಡ" ಅಂದ ಅಪ್ಪ.

ಅಪ್ಪ ಅವ್ವನಿಗೆ ಬೇಡ ಎಂದದ್ದನ್ನು ನಾನು ಕೇಳಿದ್ದೇ ಅಪರೂಪ. ಅವ್ವನ ಕೈ ಅಲ್ಲೇ ನಿಂತಿತು.

"ಮನ್ಯಾಗ ನಾ ಒಬ್ಬಾಂವ ಟೆಂಪರರಿ ಇದ್ದೆ. ನೀ ಅವರನ್ನೂ ಟೆಂಪರರಿ ಮಾಡೀದಿ" ಅಂದ. "ಮೊದಲ ಕೆಲಸ ಮಾಡಿ ತೋರ್ಸು, ಆಮ್ಯಾಲ ಜಾಗಾ ಕೊಡ್ತೀನಿ ಅಂತ ಸಾಹೇಬ ನನಗ ಅಂತಾನ. ನೀ ದೇವರಿಗೆ ಅದನ್ನ ಅಂದೀದಿ. ಹಂಗ ಅನಸ್ಕೊಂಡು ಕುಂದ್ರೂದು ಹೆಂಗ ಇರ್ತದ, ನನಗ ಗೊತ್ತದ. ಹೊರಗ ತಗಿ ಅವರನ್ನ."

ಅವ್ವ ತಂಬಿಗೆಯನ್ನು ಕೆಳಗಿಟ್ಟಳು. "ತಗದ ಮ್ಯಾಲೆ ಕೆಲಸ ಆಗಲಿಲ್ಲಂದ್ರ?"

"ಆಗಲಿಲ್ಲಂದ್ರ ನಮ್ಮ ದೇವರಲ್ಲೇನು ಅವರು?"

ಅವ್ವ ಅತ್ತಳು. ಸದ್ದಿಲ್ಲದೆ ಅಲ್ಲ, ಸೊರ್ ಸೊರ್ ಎಂದು ಮೂಗು ಸೀಟಿಕೊಂಡು ಅತ್ತಳು. ಅಳುತ್ತಲೇ ಒಬ್ಬೊಬ್ಬರನ್ನಾಗಿ ಹೊರಗೆ ತೆಗೆದು ಸೆರಗಿನಿಂದ ಒರೆಸಿದಳು. ಅಪ್ಪ ಎದ್ದು, ಒಲೆಯ ಬೂದಿ ಮತ್ತು ಹುಣಸೆಹಣ್ಣು ತೆಗೆದುಕೊಂಡು ನೆಲದ ಮೇಲೆ ಕೂತ. ಮಿಷನ್ನಿಲ್ಲ, ಏನಿಲ್ಲ, ಬರೀ ಹೆಬ್ಬೆರಳು. ಬಸವಣ್ಣನ ಕೊಂಬು, ಕಿವಿಯ ಸಂದಿ, ಹನುಮಪ್ಪನ ಬಾಲದ ತುದಿ, ಒಂದನ್ನೂ ಬಿಡಲಿಲ್ಲ. ಮಧ್ಯಾಹ್ನ ಕಾರ್ಖಾನೆಯ ಭೋಂಗಾ ಕೂಗುವ ಹೊತ್ತಿಗೆ ಮೂವರೂ ಹೊಸ ಮದುವಣಿಗರ ಹಾಗೆ ಹೊಳೆಯುತ್ತಿದ್ದರು. ಅವ್ವ ಅವರ ಮುಂದೆ ಕೂತು, "ನನಗ ತಿಳೀಲಿಲ್ರಪಾ. ನಿಮಗ ಯಾವಾಗ ಅನಸ್ತದ ಆವಾಗ ಮಾಡ್ರಿ. ನಾ ಅವಸರಾ ಮಾಡಂಗಿಲ್ಲ" ಅಂದಳು. ಆಮೇಲೆ ತಿರುಗಿ, "ಏನ್ರೀ, ಒಂದ್ ಮೊಳೆ ಹೊಡೀರಿ. ದೇವರಿಗೆ ಒಂದು ಹಲಗಿ ಬೇಕು" ಅಂದಳು. ಕಲ್ಲಿನಿಂದ ಹೊಡೆದ ಮೊದಲ ಮೊಳೆ ಡೊಂಕಾಯಿತು. ಎರಡನೆಯದು ನಿಂತಿತು.

ಅಪ್ಪನಿಗೆ ಮತ್ತೆ ಕರೆ ಬಂತು, ಟೆಂಪರರಿ ಎಂದೇ. ಅವ್ವ ಟ್ರಂಕಿನಿಂದ ಪಾತ್ರೆ ತೆಗೆದಳು. ನನಗೆ ರಿಬ್ಬನ್ ಬಂತು, ಗುಲಾಬಿ ಬಣ್ಣದ್ದು. ದೊಡ್ಡಪ್ಪನಿಗೆ, "ಸದ್ಯ ಇಲ್ಲೇ ಇರ್ತೀವಿ" ಎಂದು ಬರೆಸಿದಳು.

ಇನ್ನೊಂದು ಬದಲಾವಣೆ ನನಗೆ ಆಗ ಅಷ್ಟಾಗಿ ತಿಳಿಯಲಿಲ್ಲ. ಅಲ್ಲಿಯ ತನಕ ಅಪ್ಪ ಬಾಗಿಲಿಗೆ ಬಂದ ಕೂಡಲೇ ಅವ್ವ, "ಏನಾತ್ರಿ?" ಎಂದು ಕೇಳುತ್ತಿದ್ದಳು. ಬಾಯಲ್ಲಿ ಕೇಳದಿದ್ದರೆ ಕಣ್ಣಲ್ಲಿ. ಏನೂ ಆಗಿರುತ್ತಿರಲಿಲ್ಲ, ಅಪ್ಪ ಏನೂ ಹೇಳುತ್ತಿರಲಿಲ್ಲ. ಎಷ್ಟೋ ಸಂಜೆ ಅವನು ಚಾಳಿನ ಮೂಲೆಯ ತನಕ ಬಂದು, ಅಲ್ಲೇ ಸೈಕಲ್ಲು ಹಿಡಿದುಕೊಂಡು ನಿಂತಿದ್ದು, ಆಮೇಲೆ ಒಳಗೆ ಬರುತ್ತಿದ್ದ. ಆ ಮಳೆಗಾಲದ ನಂತರ ಅವ್ವ ಕೇಳುವುದನ್ನು ಬಿಟ್ಟಳು. "ಕೈಕಾಲು ತೊಳ್ಕೋರಿ, ಚಾ ಇಟ್ಟೀನಿ" ಅನ್ನುತ್ತಿದ್ದಳು, ಅಷ್ಟೇ. ಅಪ್ಪ ಮೂಲೆಯಲ್ಲಿ ನಿಲ್ಲುವುದೂ ನಿಂತಿತು. ಸೈಕಲ್ಲಿನ ಗಂಟೆ ಬಾರಿಸುತ್ತಲೇ ಬರತೊಡಗಿದ.

ಇನ್ನೂ ಎರಡು ವರ್ಷ ಹೋದವು. ನೀವು ಕೇಳಬಹುದು, ಆ ಎರಡು ವರ್ಷ ಕಾದದ್ದಲ್ಲವೇ ಎಂದು. ಕಾದದ್ದೇ. ಆದರೆ ಆ ದಿನಗಳಲ್ಲಿ ಹಪ್ಪಳ ಹಾಕಿದೆವು, ಜಗಳ ಆಡಿದೆವು, ಕಾಕೂನ ಮೊಮ್ಮಗನನ್ನು ಎತ್ತಿ ಆಡಿಸಿದೆವು. ಬಹಳ ಹೊತ್ತು ನಮಗೆ ಕಾಯುತ್ತಿದ್ದೇವೆ ಎಂಬ ನೆನಪೇ ಇರುತ್ತಿರಲಿಲ್ಲ.

ಒಂದು ಸಂಜೆ ಅಪ್ಪ ಎಂದಿನಂತೆ ಬಂದ. ಅವ್ವ ಎಂದಿನಂತೆ ಚಾ ಕೊಟ್ಟಳು. ಅಪ್ಪ ಕುಡಿದು ಮುಗಿಸಿ ಕಪ್ಪು ಕೊಡದೆ ಕೂತೇ ಇದ್ದ. ಅವ್ವ ಅಕ್ಕಿ ಆರಿಸುತ್ತ ನಳದ ಹತ್ತಿರ ಆದ ಜಗಳ ಹೇಳುತ್ತಿದ್ದಳು. ಅಪ್ಪ ಎದ್ದು ಹೊರಗೆ ಹೋಗಿ ಬಂದ, ಮತ್ತೆ ಕೂತ. ಅಂಗಿಯ ಕಿಸೆಯಲ್ಲಿ ಮಡಿಸಿಟ್ಟಿದ್ದ ಕಾರ್ಖಾನೆಯ ಕಾಗದವನ್ನು ಮುಟ್ಟಿ ನೋಡಿಕೊಂಡ. ಕೊನೆಗೆ, "ಇವತ್ತ ನೀ ಏನೂ ಕೇಳಲೇ ಇಲ್ಲಲ್ಲ" ಅಂದ.

"ಏನ್ ಕೇಳೂದ್ರಿ?"

"ಮೊದಲ ಕೇಳ್ತಿದ್ದೆಲ್ಲ, ನಾ ಬಂದ ಕೂಡ್ಲೆ."

"ಅದನ್ನ ಬಿಟ್ಟು ಎಷ್ಟು ದಿನಾ ಆತ್ರಿ. ನಿಮಗ ತ್ರಾಸ ಆಗ್ತದಂತ ಬಿಟ್ಟೆ."

"ಇವತ್ತೊಂದಿನಾ ಕೇಳು."

ಅವ್ವನ ಕೈಯಲ್ಲಿದ್ದ ಅಕ್ಕಿ ಮೊರಕ್ಕೆ ಬಿತ್ತು. ಅವಳು ಅಪ್ಪನ ಮುಖ ನೋಡಿದಳು, ಅಂಗಿಯ ಕಿಸೆ ನೋಡಿದಳು. ಸೆರಗು ಸರಿಮಾಡಿಕೊಂಡು ಎದ್ದು ನಿಂತು, ಮೆಲ್ಲಗೆ, "ಏನಾತ್ರಿ?" ಎಂದು ಕೇಳಿದಳು.

ಅಷ್ಟು ವರ್ಷ ಆ ಪ್ರಶ್ನೆಗೆ ಉತ್ತರವಿಲ್ಲದೆ ತಲೆ ತಗ್ಗಿಸಿದ್ದ ಅಪ್ಪ, ಅಂದು ಉತ್ತರ ಕಿಸೆಯಲ್ಲೇ ಇದ್ದರೂ ಬಾಯಿ ತೆರೆದು ಒಂದು ಮಾತೂ ಆಡಲಾಗದೆ, ಅವ್ವನ ಎರಡೂ ಕೈ ಹಿಡಿದುಕೊಂಡು ಅತ್ತುಬಿಟ್ಟ.